ಚುಕ್ಕಿ ಅಕ್ಕ ಮತ್ತು ಸುಮ್ಮನಿರದ ಹೆಬ್ಬೆರಳು

2024ರ ನವೆಂಬರ್ 12, ಮಂಗಳವಾರ, ಬೆಳಗ್ಗೆ 6 ಗಂಟೆ 40 ನಿಮಿಷ. ಕಣ್ಣಾಸ್ಪತ್ರೆಯ ಕಿಟಕಿಯಿಲ್ಲದ ಕೋಣೆಯಲ್ಲಿ ಚುಕ್ಕಿ ಅಕ್ಕ ಯಂತ್ರದ ಗಲ್ಲ ಊರುವ ಪಟ್ಟಿಯನ್ನು ಒರೆಸುತ್ತಿದ್ದಾರೆ. ದೃಷ್ಟಿಯ ಹರವು ಅಳೆಯುವುದು ಅವರ ಕೆಲಸ. ಬಿಳಿ ಬೋಗುಣಿಯಂಥ ಯಂತ್ರದೊಳಗೆ ರೋಗಿ ಮುಖವಿಟ್ಟು ನಡುವಿನ ಹಳದಿ ದೀಪವನ್ನೇ ನೋಡಬೇಕು. ಸುತ್ತ ಎಲ್ಲಾದರೂ ಬೆಳಕಿನ ಚುಕ್ಕಿ ಮಿನುಗಿದರೆ ಗುಂಡಿ ಒತ್ತಬೇಕು. ದಿನಕ್ಕೆ ಇಪ್ಪತ್ತು ಮಂದಿಯಂತೆ ಹತ್ತೊಂಬತ್ತು ವರ್ಷ ಇದನ್ನೇ ಮಾಡಿದವರಿಗೆ ಆ ಅಡ್ಡಹೆಸರು ಅಂಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಇಂದಿನ ಮೊದಲ ಸರದಿ ಒಬ್ಬ ಕ್ಷೌರಿಕರದು. ಗ್ಲಾಕೋಮಾ ಅವರ ಎಡಗಣ್ಣನ್ನು ಸದ್ದಿಲ್ಲದೆ ನುಂಗಿದೆ. ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ಹತ್ತು ವರ್ಷ. ಆ ಶಸ್ತ್ರಚಿಕಿತ್ಸೆ ಕಳೆದ ದೃಷ್ಟಿಯನ್ನು ಮರಳಿ ತರುವುದಿಲ್ಲ. ಕಣ್ಣೊಳಗಿನ ಒತ್ತಡ ಇಳಿಸಿ ಉಳಿದದ್ದನ್ನು ಕಾಯುತ್ತದೆ, ಅಷ್ಟೆ. ಕಾದಿದೆಯೇ? ಕಳೆದ ವಾರ ಅಂಗಡಿಯಲ್ಲಿ ತೆರೆದಿದ್ದ ಕಪಾಟಿನ ಬಾಗಿಲಿಗೆ ಅವರ ಹಣೆ ಬಡಿದಿದೆ. ದೃಷ್ಟಿ ಇನ್ನೂ ಕುಗ್ಗಿದ್ದರೆ ಕ್ಷೌರದ ಕತ್ತಿ ಕೆಳಗಿಡುವುದಾಗಿ, ಈಗ ಪಕ್ಕದಲ್ಲೇ ಕೂತಿರುವ ಹೆಂಡತಿಗೆ ಮಾತು ಕೊಟ್ಟೇ ಬಂದಿದ್ದಾರೆ.

"ಬಾಗಿಲು ತೆರೆದಿಟ್ಟೋಳು ನೀನೇ ಅಲ್ವಾ?" ಎನ್ನುತ್ತಾರೆ ಅವಳಿಗೆ.

"ಹೂಂ, ಕುಣೀಲಾರದವರಿಗೆ ನೆಲ ಡೊಂಕು," ಎನ್ನುತ್ತಾರೆ ಹೆಂಡತಿ. ಸೆರಗಿನ ತುದಿ ಮಾತ್ರ ಬೆರಳಿಗೆ ಸುತ್ತಿಕೊಳ್ಳುತ್ತಲೇ ಇದೆ.

ಪರೀಕ್ಷೆ ಶುರುವಾಗುತ್ತದೆ. ಬೆಳಕು ತೋರಿಸದಿದ್ದಾಗಲೂ ಗುಂಡಿ ಒತ್ತಿದ್ದಾರೆಂದು ಯಂತ್ರದ ತಕರಾರು. "ಪರೀಕ್ಷೆ ಅಂದ್ರೆ ಎಲ್ರಿಗೂ ಪಾಸಾಗೋ ಚಪಲ, ಕಾಣದಿದ್ರೂ ಒತ್ತಿಬಿಡ್ತಾರೆ," ಎಂದು ಅಕ್ಕ ಹೆಂಡತಿಗೆ ಪಿಸುಗುಟ್ಟುತ್ತಾರೆ. ಆದರೆ ಈ ಸದ್ದು ಬೇರೆ. ಟಿಕ್, ಟಿಕ್, ಟಿಕ್, ತಾಳ ತಪ್ಪದೆ ಬರುತ್ತಿದೆ. ಅಕ್ಕ ಬಗ್ಗಿ ಅವರ ಹೆಬ್ಬೆರಳು ನೋಡುತ್ತಾರೆ.

"ಅಣ್ಣಾ, ಒಳಗೆ ಯಾರ ತಲೆಗೂದಲು ಕತ್ತರಿಸ್ತಾ ಇದ್ದೀರಿ?"

"ಅಯ್ಯೋ! ಕೈ ಅದರ ಪಾಡಿಗೆ ಆಡ್ತಾ ಇತ್ತಾ?"

"ನಿದ್ದೇಲೂ ಆಡುತ್ತೆ. ನನ್ನ ಜಡೆ ಉಳಿದಿರೋದೇ ಪುಣ್ಯ," ಎನ್ನುತ್ತಾರೆ ಹೆಂಡತಿ.

ಕೂದಲು ಸಿಗದಾಗಲೂ ಗಾಳಿಯಲ್ಲೇ ಕತ್ತರಿ ಆಡಿಸುವ ಕೈ ಅದು. ಅಕ್ಕ ಗುಂಡಿಯನ್ನು ಎಡಗೈಗೆ ದಾಟಿಸುತ್ತಾರೆ. ಕಣ್ಣಿಗೆ ಸ್ವಲ್ಪ ವಿಶ್ರಾಂತಿ ಕೊಟ್ಟು ಮತ್ತೆ ಮೊದಲಿನಿಂದ.

ಈಗ ಟಿಕ್‌ಗಳ ನಡುವೆ ಉದ್ದುದ್ದ ಮೌನ. ಪ್ರತಿ ಮೌನಕ್ಕೂ ಹೆಂಡತಿಯ ಮುಖ ಬಾಡುತ್ತದೆ. ಅಕ್ಕನ ಮುಖವೋ ಅರಳುತ್ತಿದೆ! ಪರದೆಯ ನಕ್ಷೆಯಲ್ಲಿ ಕಪ್ಪು ಬೀಳುತ್ತಿರುವುದು ಮೇಲಿನ ಮೂಲೆಯಲ್ಲಿ, ಹತ್ತು ವರ್ಷದ ಹಿಂದೆ ಇದ್ದ ಜಾಗದಲ್ಲೇ. ಅಕ್ಕನಿಗೆ ಕೂರಲಾಗುವುದಿಲ್ಲ. ಆದರೂ ತುಟಿ ಬಿಚ್ಚುವುದಿಲ್ಲ. ಫಲಿತಾಂಶ ಹೇಳುವುದು ವೈದ್ಯೆಯ ಕೆಲಸ. ಮುಗಿದದ್ದೇ ತಡ, ಹಳೆಯದು, ಇಂದಿನದು ಎರಡೂ ನಕ್ಷೆ ಹಿಡಿದು ಮೆಟ್ಟಿಲು ಹತ್ತಿ ಓಡುತ್ತಾರೆ.

ವೈದ್ಯೆ ಅವರ ಜೊತೆಗೇ ಇಳಿದು ಬರುತ್ತಾರೆ. "ಆ ಬಾಗಿಲು ನಿಮ್ಮ ಹಳೇ ಕತ್ತಲ ಮೂಲೆಗೆ ಸಿಕ್ಕಿದೆ. ಹೊಸ ಕತ್ತಲು ಬಂದಿಲ್ಲ. ಕತ್ತಿ ಮಸೆದಿಟ್ಕೊಳ್ಳಿ."

"ಕೇಳಿದ್ಯಾ? ಇನ್ನು ಕಪಾಟು ಮುಚ್ಚೋ ಕೆಲಸ ನಿಂದು," ಎನ್ನುತ್ತಾರೆ ಕ್ಷೌರಿಕರು. ಹೆಂಡತಿ ಬೆರಳಿಗೆ ಸುತ್ತಿದ್ದ ಸೆರಗು ಬಿಚ್ಚುತ್ತಾರೆ.

ಅಕ್ಕ ಆಗಲೇ ಮುಂದಿನವರಿಗಾಗಿ ಪಟ್ಟಿ ಒರೆಸುತ್ತಿದ್ದಾರೆ. "ಕಣ್ಣು ಕೊಡೋಳು ನಾನಲ್ಲ. ಉಳಿದಿದ್ದು ಇನ್ನೂ ಇದೆ ಅಂತ ಮೊದಲು ಕಾಣೋದು ಮಾತ್ರ ನಂಗೇ," ಎಂದು ನಗುತ್ತಾರೆ.

ಐವತ್ತನಾಲ್ಕು ಚುಕ್ಕಿಗಳಲ್ಲಿ ಶಸ್ತ್ರಚಿಕಿತ್ಸೆಯಾದ ವರ್ಷ ಆ ಕಣ್ಣಿಗೆ ಕಂಡದ್ದು ಮೂವತ್ತೆಂಟು. ಪರೀಕ್ಷೆಯಿಂದ ಪರೀಕ್ಷೆಗೆ ಒಂದೆರಡು ಹೆಚ್ಚುಕಡಿಮೆ ಇದ್ದದ್ದೇ. ಇಂದು ಮೂವತ್ತೇಳು.