ಜಾಮೀನು ಸಿಕ್ಕಿಯೂ ಒಳಗಿದ್ದವನು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಾಸನದಲ್ಲಿ ಕ್ರಿಮಿನಲ್ ವಕೀಲನಾಗಿದ್ದೆ. ಅನುಭವಕ್ಕಿಂತ ಜಂಬ ಒಂದು ಕೈ ಹೆಚ್ಚೇ ಇತ್ತು. ಒಂದು ಬೆಳಿಗ್ಗೆ ಹೊಳೆನರಸೀಪುರದ ಕಡೆಯ ಜವರೇಗೌಡ, ಹೆಂಡತಿ ಜಯಮ್ಮನೊಂದಿಗೆ, ಕೋರ್ಟಿನ ನೋಟಿಸು ಹಿಡಿದು ಬಂದ.

"ಶಿಕ್ಷೆ ಮುಗಿಸ್ಕಂಡು ಬಂದಿವ್ನಿ ಸಾ. ಈಗ ಮತ್ತೆ ಒಳೀಕೆ ಓಗು ಅಂತವ್ರೆ."

ಜಮೀನು ಭಾಗದ ಜಗಳದಲ್ಲಿ ಅವನು ಚಿಕ್ಕಪ್ಪನ ಮಗ ಪುಟ್ಟರಾಜುವಿನ ಮೇಲೆ ಮಚ್ಚು ಬೀಸಿ ಮುಂಗೈ ಮೂಳೆ ಮುರಿದಿದ್ದ. ಅದನ್ನವನು ಅಲ್ಲಗಳೆಯಲೂ ಇಲ್ಲ. ಕೋರ್ಟು ಒಂದೂವರೆ ವರ್ಷ ಶಿಕ್ಷೆ ವಿಧಿಸಿ, ವಿಚಾರಣೆಯ ವೇಳೆ ಜೈಲಿನಲ್ಲಿ ಕಳೆದ ಒಂದು ವರ್ಷವನ್ನು ಅದರಲ್ಲಿ ಕಳೆದಿತ್ತು. ಇದನ್ನು ನಾವು ಸೆಟ್ ಆಫ್ ಎನ್ನುತ್ತೇವೆ. ಉಳಿದದ್ದನ್ನು ಅನುಭವಿಸಿ ಅವನು ಬಿಡುಗಡೆಯಾದ ಮೇಲೆ ಪುಟ್ಟರಾಜು ಸೆಷನ್ಸ್ ಕೋರ್ಟಿಗೆ ಹೋದ. ಬಂಧನವಾದ ಎರಡೇ ತಿಂಗಳಿಗೆ ಜಾಮೀನು ಮಂಜೂರಾಗಿತ್ತು, ಆಮೇಲಿನ ಹತ್ತು ತಿಂಗಳು ಇವನು ತಾನಾಗಿಯೇ ಒಳಗಿದ್ದ, ಅದು ಲೆಕ್ಕಕ್ಕಿಲ್ಲ ಎಂಬುದು ಅವನ ವಾದ. ಅವನು ಗೆದ್ದರೆ ಜವರೇಗೌಡನಿಗೆ ಮತ್ತೆ ಹತ್ತು ತಿಂಗಳು ಜೈಲು. ದಾಯಾದಿಯ ಸಹವಾಸವೇ ಬೇಡವೆಂದು ಗಂಡಹೆಂಡತಿ ಚನ್ನರಾಯಪಟ್ಟಣದಲ್ಲಿ ಹಿಟ್ಟಿನ ಗಿರಣಿಯೊಂದನ್ನು ಬಾಡಿಗೆಗೆ ಹಿಡಿದು, ಆಗಷ್ಟೇ ಗಿರಾಕಿ ಕುದುರಿಸಿಕೊಂಡಿದ್ದರು.

"ಜಾಮೀನು ಸಿಕ್ಕ ಮೇಲೂ ಯಾಕಯ್ಯ ಒಳಗೇ ಕೂತಿದ್ದೆ?" ಎಂದು ಗದರಿದೆ.

ಜಯಮ್ಮ ಬಾಯಿ ಹಾಕಿದಳು. "ಜಾಮೀನಿಗೆ ನಿಲ್ಲೋರು ಪಾಣಿ ತರ್ಬೇಕು ಅಂದ್ರು ಸಾ. ನಮ್ ಮೈದ್ನ ನಿಲ್ತೀನಿ ಅಂದ. ಆದ್ರೆ ಮಾವ ಸತ್ತು ಎಷ್ಟೋ ವರ್ಸ ಆದ್ರೂ ಪಾಣಿ ಅವರೆಸ್ರಲ್ಲೇ ಐತೆ."

ನಮ್ಮ ಸೀಮೆಯಲ್ಲಿ ಇದು ಮನೆಮನೆಯ ಕಥೆ. ಅಪ್ಪನ ತಿಥಿಯನ್ನು ಒಂದು ವರ್ಷವೂ ತಪ್ಪಿಸುವುದಿಲ್ಲ, ಪಹಣಿಯಲ್ಲಿ ಹೆಸರು ಬದಲಾಯಿಸುವುದು ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಊರಿನ ಬೇರೆಯವರು ದಾಯಾದಿ ಜಗಳಕ್ಕೆ ತಲೆ ಕೊಡಲಿಲ್ಲ. ಹೀಗೆ ಜಾಮೀನಿನ ಆದೇಶ ಒಂದು ಕಡೆ, ಜವರೇಗೌಡ ಇನ್ನೊಂದು ಕಡೆ ಕೊಳೆಯುವಂತಾಯಿತು.

ವಾದದ ದಿನ ಎದುರು ವಕೀಲರು, "ಬಾಗಿಲು ತೆರೆದೇ ಇತ್ತು, ಇವನೇ ಬರಲಿಲ್ಲ" ಎಂದರು. ನನಗೆ ಅಳುಕಿರಲಿಲ್ಲ. ಸೆಟ್ ಆಫ್ ಕೊಡುವ ಸೆಕ್ಷನ್ 428 ಕೇಳುವುದು ಆ ಕೇಸಿನಲ್ಲಿ ಅವನು ಬಂಧನದಲ್ಲಿದ್ದನೇ ಎಂದು, ಯಾಕೆ ಹೊರಬರಲಿಲ್ಲ ಎಂದಲ್ಲ, ಎಂದೆ. ಪಹಣಿ ಸತ್ತವರ ಹೆಸರಿನಲ್ಲೇ ಇದ್ದುದರಿಂದ ಜಾಮೀನುದಾರ ಸಿಗದ ಕಥೆಯನ್ನೂ ಹೇಳಿದೆ. ನ್ಯಾಯಾಧೀಶರು ಜವರೇಗೌಡನತ್ತ ತಿರುಗಿದರು.

"ಜಾಮೀನು ಸಿಕ್ಕ ಮೇಲಾದರೂ ಖಾತೆ ಮಾಡಿಸಬಹುದಿತ್ತಲ್ಲ?"

"ನನ್ ತಮ್ಮ ಅರ್ಜಿ ಆಕಿದ್ದ ಸ್ವಾಮಿ. ತಕರಾರು ಕೊಟ್ಟು ತಡೆದ್ಬುಟ್ರು."

"ಯಾರು?"

ಇದು ನನಗೂ ಹೇಳಿರದ ಸಂಗತಿ. ಅವನು ಬೆರಳೆತ್ತಿ ತೋರಿಸಿದ. "ಇವ್ನೇ, ಪುಟ್ಟರಾಜು."

ಪುಟ್ಟರಾಜು ಇಲ್ಲವೆನ್ನಲಿಲ್ಲ. ಅವನು ಸೆಷನ್ಸ್ ಕೋರ್ಟಿಗೆ ಹಾಕಿದ್ದ ಅರ್ಜಿ ವಜಾ ಆಯಿತು. ಜಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನ್ನ ಕಣ್ಣೂ ಒದ್ದೆಯಾಯಿತು, ಮುಚ್ಚಿಡುವುದೇನು?

ಹೊರಗೆ ಜವರೇಗೌಡ ನೇರವಾಗಿ ಪುಟ್ಟರಾಜುವಿನ ಬಳಿ ಹೋದ. "ನಾನೊಡ್ದಿದ್ದು ತಪ್ಪು ಕಣ್ಲಾ. ಅದ್ಕೆ ಒಳಗಿದ್ದು ಬಂದಿವ್ನಿ. ನೀನಿನ್ನು ತಕರಾರು ವಾಪಸ್ ತಕ್ಕಳ್ಲಾ."

ಪುಟ್ಟರಾಜು ಸೊಟ್ಟಗಾದ ಮುಂಗೈ ಸವರಿಕೊಂಡ. "ಸೋಮವಾರ ತಾಲ್ಲೂಕಾಪೀಸಿಗೆ ಬತ್ತೀನಿ" ಎಂದ.

ಅಲ್ಲಿಯವರೆಗೆ ಜಾಮೀನಿನ ಆದೇಶ ಕೈಗೆ ಬಂದರೆ ಕೇಸು ಗೆದ್ದ ಹಾಗೆ ಬೀಗುತ್ತಿದ್ದೆ. ಆಮೇಲೆ ಬಿಟ್ಟೆ. ಯಾರಿಗೆ ಜಾಮೀನು ಕೊಡಿಸಿದರೂ ಕೋಟು ಬಿಚ್ಚುವ ಮೊದಲೇ ಮನೆಯವರನ್ನು ಕೇಳುತ್ತಿದ್ದೆ: "ಪಹಣಿ ಬದುಕಿರುವವರ ಹೆಸರಿನಲ್ಲಿದೆ ತಾನೆ?"