ಊರು ಕಟ್ಟಿದವರ ಕೋಟು

ಹೋದ ವರ್ಷ ತರೀಕೆರೆಯಲ್ಲಿ, ಕೆರೆ ಏರಿಯ ಪಕ್ಕದ ಸಭಾಭವನದೊಳಗೆ ಊರು ಕಟ್ಟಿದ ಉದ್ಯಮಿಗಳ ಫೋಟೋಗಳನ್ನು ಸಾಲಾಗಿ ತೂಗುಹಾಕಿದರು. ಅಕ್ಕಿ ಗಿರಣಿ ತೆರೆದವರು, ಸೋಡಾ ಕಾರ್ಖಾನೆ ಇಟ್ಟವರು, ಜವಳಿ ಅಂಗಡಿಯವರು, ಮೊದಲ ಬಸ್ಸು ಓಡಿಸಿದವರು. ಒಟ್ಟು ಏಳು ಜನ ಮಹನೀಯರು, ಕೋಟು ಮಾತ್ರ ಒಂದೇ. ಕಿಸೆ ಕಿತ್ತುಹೋದ ಆ ಕಪ್ಪು ಕೋಟು ನಮ್ಮಪ್ಪನ ಸ್ಟುಡಿಯೋದ್ದು.

ಏರಿಯ ಕೆಳಗೆ ಅಪ್ಪ ಫೋಟೋ ಸ್ಟುಡಿಯೋ ಇಟ್ಟಾಗ ಊರಲ್ಲಿ ಸ್ವಂತ ಕೋಟಿದ್ದವರು ಅಮಲ್ದಾರರೊಬ್ಬರೇ. ತೌಡಿನ ಧೂಳು ಮೆತ್ತಿಕೊಂಡೇ ಬಂದ ಗಿರಣಿ ಸಾಹುಕಾರರಿಗೆ ಮುಖ ತೊಳೆಸಿ, ಕೋಟು ತೊಡಿಸಿ, ಹೆಬ್ಬೆ ಜಲಪಾತದ ಚಿತ್ರ ಬರೆದ ಪರದೆಯ ಮುಂದೆ ಕೂರಿಸುತ್ತಿದ್ದರು. ಬಸ್ಸಿನವರ ಹೊಟ್ಟೆಗೆ ಗುಂಡಿ ಕೂರದೆ, ಶಾಲು ಹೊದಿಸಿ ಮುಚ್ಚಬೇಕಾಯಿತು. “ಗದ್ದ ಎತ್ತಿ ಸ್ವಾಮಿ” ಎಂದ ಕೂಡಲೇ ಎಲ್ಲರಿಗೂ ಗಾಂಭೀರ್ಯ ಬಂದುಬಿಡುತ್ತಿತ್ತು. ಹೊರಗೆ ಹೋದಮೇಲೆ ಅದು ಎಲ್ಲಿ ಮಾಯವಾಗುತ್ತಿತ್ತೋ ಕಾಣೆ.

ಆ ಸಾಲಿನಲ್ಲಿ ಅಪ್ಪ ಇರಲಿಲ್ಲ. ತೊಂಬತ್ತರ ಹತ್ತಿರವಿರುವ ಅಮ್ಮನಿಗೆ ಅವರನ್ನೊಮ್ಮೆ ಅಲ್ಲಿ ನೋಡಬೇಕೆಂಬ ಆಸೆ. ಸಭಾಭವನ ಸಮಿತಿಯ ಅಧ್ಯಕ್ಷರನ್ನು ಕೇಳಿದೆ. ಗಿರಣಿ ಸಾಹುಕಾರರ ಮೊಮ್ಮಗ ಅವರು.

“ಹಾಕಣ ಸಾರ್, ಅದಕ್ಕೇನಂತೆ. ಫೋಟೋ ಕೊಡಿ,” ಅಂದರು.

ಇಡೀ ಊರಿನ ಫೋಟೋ ತೆಗೆದ ಮನುಷ್ಯನದು ಮನೆಯಲ್ಲಿ ಒಂದೂ ಇರಲಿಲ್ಲ. ಅವರ ಮದುವೆಯಲ್ಲಿ ಫೋಟೋ ತೆಗೆಯುವವರೇ ಇರಲಿಲ್ಲ, ನಮ್ಮ ಮದುವೆಗಳಲ್ಲಿ ತೆಗೆದವರು ಅವರೇ. ಕೊನೆಗೆ ಸಿಕ್ಕಿದ್ದು ವೋಟರ್ ಕಾರ್ಡು. ಮುದುರಿದ ಕಾಲರು, ಎರಡು ದಿನದ ಗಡ್ಡ, ಅರ್ಧ ತೆರೆದ ಬಾಯಿ. “ಬೆಳಕೂ ನೋಡ್ದೆ ತೆಗ್ದುಬಿಟ್ಟ ಕಣೋ” ಎಂದು ಅವತ್ತು ಮನೆಗೆ ಬಂದು ಸಿಡುಕಿದ್ದರು.

ಅದನ್ನೇ ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಕೊಟ್ಟೆ. ಅಧ್ಯಕ್ಷರು ಮುಖ ಹುಳ್ಳಗೆ ಮಾಡಿಕೊಂಡು, ಸಾಲಿನ ತುದಿಯಲ್ಲಿ, ಕೈ ತೊಳೆಯುವ ಜಾಗದ ಪಕ್ಕ ತೂಗುಹಾಕಿಸಿದರು. ಸಾಹುಕಾರರ ಘನತೆಗೆ ನೀರು ಸಿಡಿಯಬಾರದಲ್ಲ. ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು.

ಅಮ್ಮನನ್ನು ಕೈಹಿಡಿದು ಕರೆದುಕೊಂಡು ಹೋದೆ. ಕಣ್ಣು ಕಿರಿದು ಮಾಡಿ, ಒಂದೊಂದು ಕೋಟಿನ ಮುಂದೆಯೂ “ಇವರ್ಯಾರೋ?” ಎಂದು ಕೇಳುತ್ತಾ ಬಂದಳು. ಎಲ್ಲರೂ ಅವಳು ದಿನಾ ನೋಡಿದವರೇ, ಒಬ್ಬರ ಗುರುತೂ ಹತ್ತಲಿಲ್ಲ.

ಎಂಟನೆಯದರ ಮುಂದೆ ಏನೂ ಕೇಳಲಿಲ್ಲ. ಸೆರಗಿನಿಂದ ಗಾಜು ಒರೆಸಿದಳು.

“ಊಟಕ್ಕೆ ಕರೆದ್ರೆ ಹಿಂಗೇ ನೋಡೋರು ಕಣೋ,” ಅಂದಳು.