ಡಿ ಡ್ರೈವಿನಲ್ಲಿದ್ದ ಸೋಬಾನೆ

ಟೀಚರ್, ಆ ಡಿಸ್ಕು ಸುಟ್ಟಿರಲಿಲ್ಲ. ನಿಮ್ಮವ್ವನ ಹಾಡುಗಳನ್ನು ಅಳಿಸಿದವನು ನಾನು — ಕೈಯಾರೆ. ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ತೊಂಬತ್ತರ ದಶಕದ ಕೊನೆ. ಪಾಂಡವಪುರದ ನಮ್ಮ ನಡುಮನೆಯಲ್ಲಿ ಆ ಹಳೇ ಕಂಪ್ಯೂಟರು. ಭಾನುವಾರ ಅಕ್ಕಿಹೆಬ್ಬಾಳಿನಿಂದ ನಿಮ್ಮವ್ವನನ್ನು ಕರೆತರುತ್ತಿದ್ದಿರಿ. ಅವರು ಎಲೆಅಡಿಕೆ ಉಗುಳಿ ಬಂದು, ಒಮ್ಮೆ ಕೆಮ್ಮಿ, ಸೋಬಾನೆ ಎತ್ತಿಕೊಳ್ಳುವರು. ನೀವು ಕೇಳುತ್ತಲೇ ಟೈಪು ಮಾಡುವಿರಿ. ಫ್ಲಾಪಿಯಲ್ಲೂ ಒಂದು ಕಾಪಿ ಇರಲಿ ಎಂದಿರಿ. ನಾನು ದೊಡ್ಡ ಬೃಹಸ್ಪತಿ — "ಸುಮ್ನೆ ಯಾಕೆ ದಂಡ ಟೀಚರ್? ಡಿ ಡ್ರೈವ್ನಾಗೆ ಇಟ್ಟಿವ್ನಿ, ಭದ್ರವಾಗದೆ" ಎಂದೆ.

ಅವ್ವ ತೀರಿಕೊಂಡರು. ವರ್ಷದ ಕಾರ್ಯಕ್ಕೆ ಹಾಡುಗಳನ್ನು ಪುಸ್ತಕ ಮಾಡಿ ಹಂಚಬೇಕು ಎಂದಿರಿ.

ಆ ದಿನಗಳಲ್ಲೇ ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ, ವಿಂಡೋಸಿನ ಬದಲು ಹಾಕಿಕೊಳ್ಳಬಹುದಾದ ಲಿನಕ್ಸಿನ ಸಿ.ಡಿ. ಪುಕ್ಕಟೆ ಬಂತು. ನನ್ನಲ್ಲಿದ್ದ ವಿಂಡೋಸು ಯಾರಿಂದಲೋ ತಂದ ಕಳ್ಳ ಕಾಪಿ, ವಾರಕ್ಕೊಂದು ವೈರಸ್ಸು. ಇನ್ನು ಯಾರ ಹಂಗೂ ಬೇಡ ಎಂಬ ಹುರುಪು ನನಗೆ. ಸಿ ಡ್ರೈವು, ಡಿ ಡ್ರೈವು ಎಂದರೆ ಒಂದೇ ಡಿಸ್ಕಿನ ಎರಡು ಪಾಲು — ನಡುವೆ ಬದುವಿದೆಯಲ್ಲ, ಅಣ್ಣನ ಹೊಲ ಉತ್ತರೆ ತಮ್ಮನ ಹೊಲಕ್ಕೇನು ಎಂದುಕೊಂಡೆ. ಲಿನಕ್ಸ್ ಹಾಕುವಾಗ, ಇಡೀ ಡಿಸ್ಕು ಬಳಸಲೇ ಎಂದು ಅದು ಇಂಗ್ಲಿಷಿನಲ್ಲಿ ಕೇಳಿತು. ನೆಟ್ಟಗೆ ಓದದೆ ಹೂಂ ಒತ್ತಿಬಿಟ್ಟೆ. ಬದುವೇ ಹೋಯಿತು.

ನೀವು ಬಂದಾಗ ನಿಜ ನಾಲಿಗೆಯ ತುದಿಯಲ್ಲಿತ್ತು. ಹೊರಬಂದದ್ದು — "ಕರೆಂಟು ಏರಿ ಡಿಸ್ಕು ಸುಟ್ಟೋಯ್ತು, ಟೀಚರ್."

ನೀವು ಅಲ್ಲೇ ಕುಕ್ಕರಿಸಿದಿರಿ. ಆಮೇಲೆ ಎದ್ದು ನನ್ನ ಮುಖ ನೋಡಿದಿರಿ. "ಓಗ್ಲಿ ಬುಡಪ್ಪಾ, ನೀನೇನ್ ಮಾಡೀಯೆ? ಮಕ ಯಾಕಿಂಗ್ ಬಾಡೋಗದೆ, ಊಟ ಮಾಡ್ದೇನಪ್ಪಾ?"

ಅಯ್ಯೋ, ಇಷ್ಟಕ್ಕೇ ಮುಗಿದಿದ್ದರೆ... ಮುಂದಿನ ತಿಂಗಳು ಅದೇ ಪತ್ರಿಕೆಯಲ್ಲಿ ಓದಿದೆ: ಅಳಿಸಿದ್ದರ ಮೇಲೆ ಹೊಸದೇನೂ ಬರೆಯದಿದ್ದರೆ ಬಲ್ಲವರು ಅದನ್ನು ಮರಳಿ ತೆಗೆಯಬಹುದಂತೆ. ಆ ಗಳಿಗೆಯೇ ಸ್ವಿಚ್ಚು ಆರಿಸಿ ನಿಮ್ಮ ಮನೆಗೆ ಓಡಬೇಕಿತ್ತು. ಒಂದಿಷ್ಟಾದರೂ ಉಳಿದಿತ್ತೇನೋ — ಒಂದೇ ಹಾಡಾದರೂ. ಆದರೆ ಸುಟ್ಟ ಡಿಸ್ಕಿನಿಂದ ಹಾಡು ಬಂದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಪತ್ರಿಕೆ ಮಡಚಿಟ್ಟೆ. ಅದೇ ಡಿಸ್ಕಿನ ಮೇಲೆ ಬರೆಯುತ್ತಲೇ ಹೋದೆ, ಬಂದವರಿಗೆಲ್ಲ ಲಿನಕ್ಸ್ ತೋರಿಸಿ ಮೆರೆದೆ. ಒಮ್ಮೆ ನೀವೂ ಬಂದು, "ಒಸಾ ಡಿಸ್ಕೇನಪ್ಪಾ?" ಎಂದಿರಿ.

"ಊಂ" ಎಂದೆ.

ಆ ಊಂ ಇದೆಯಲ್ಲ ಟೀಚರ್, ಅದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಬೇರೆ ಯಾವ ಕಂಪ್ಯೂಟರು ಹಚ್ಚಿದರೂ, ಡಿಸ್ಕು ತಿರುಗಲು ಶುರುವಾಗುವ ಮುನ್ನ ಬೆನ್ನ ಹಿಂದೆ ಯಾರೋ ಕೆಮ್ಮಿದಂತಾಗುತ್ತದೆ. ಹಾಡಿಗಾಗಿ ಕಿವಿಗೊಟ್ಟು ಕೂರುತ್ತೇನೆ — ಬರುವುದಿಲ್ಲ. ಅಷ್ಟು ಭಾನುವಾರ ಪಕ್ಕದಲ್ಲೇ ಕೂತಿದ್ದೆ, ಒಂದು ಸಾಲೂ ನೆನಪಿಲ್ಲ.

ಆ ಡಿಸ್ಕು ಟ್ರಂಕಿನಲ್ಲಿದೆ. ಅದರಿಂದ ಇನ್ನೇನೂ ಸಿಗದು, ಗೊತ್ತು. ನಾಳೆ ಬೆಳಗ್ಗೆ ಅದನ್ನು ಹಿಡಿದು ನಿಮ್ಮ ಬಾಗಿಲಿಗೆ ಬರುತ್ತೇನೆ. ಉಗಿಯಿರಿ, ಕದ ಹಾಕಿಕೊಳ್ಳಿ. ಊಟ ಮಾಡ್ದೇನಪ್ಪಾ ಎಂದು ಮಾತ್ರ ಕೇಳಬೇಡಿ.